ಮುನ್ನೂರೈವತ್ತು ಗ್ರಾಂ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ನನ್ನದು ಸ್ಯಾಂಪಲ್ ರೂಮು.
ಮೂಟೆಗಳು ಮಂಗಳೂರಿಗಿಳಿದು ಹಡಗು ಹತ್ತುತ್ತವೆ,
ವಾರಗಟ್ಟಲೆ ತೂಕಡಿಸುತ್ತ ಸಾಗುತ್ತವೆ.
ಅವುಗಳ ಪರವಾಗಿ ಮುಂಚೆ ಹಾರುವುದು
ನಾನು ಅಂಟು ಹಚ್ಚಿ ಮುಚ್ಚುವ ಪೊಟ್ಟಣ,
ಮುನ್ನೂರೈವತ್ತು ಗ್ರಾಂ.
ಹೆಣ್ಣು ನೋಡಲು ಬರುವವರಿಗೆ ಮೊದಲು ಫೋಟೋ ಕಳಿಸಿದ ಹಾಗೆ
ಅನ್ನುತ್ತಾರೆ ಮಾಚಯ್ಯ, ಮೂವತ್ತು ವರ್ಷದಿಂದ
ಸೊರ್ರನೆ ಹೀರಿ, ಉಗುಳಿ, ಸಂಬಳ ಎಣಿಸುವವರು.

ರೈಲೂ ಇಲ್ಲದ ಜಿಲ್ಲೆ ನಮ್ಮದು.
ವಿಮಾನವೆಂದರೆ ಕಣದ ಮೇಲಿನ ಆಕಾಶದಲ್ಲಿ ಸುಣ್ಣದ ಗೆರೆ,
ಕಾಫಿ ಹರವುವವರು ಒಮ್ಮೆ ಕತ್ತೆತ್ತಿ
ಮತ್ತೆ ಬಗ್ಗುವಷ್ಟು ಹೊತ್ತು.
ನನಗೆ ಮಾತ್ರ ಅವುಗಳ ಗುರುತು ಬೇರೆ.
ಬಾಲದ ಬಣ್ಣ ಕಂಡವಳಲ್ಲ, ಕಿಟಕಿಯ ಸೀಟು ಕಂಡವಳಲ್ಲ,
ಏರ್‌ವೇ ಬಿಲ್ಲಿನ ನೆತ್ತಿಯ ಮೂರಂಕಿ ಗೊತ್ತು.
ನೂರ ಎಪ್ಪತ್ತಾರು ದುಬೈಯದು.
ಸೊನ್ನೆ ಇಪ್ಪತ್ತು ಜರ್ಮನರದು.
ಇನ್ನೂರ ಮೂವತ್ತೈದು ಇಸ್ತಾಂಬುಲಿನ ಮೇಲೆ ಹೋಗುತ್ತದೆ.
ನೂರ ಎಪ್ಪತ್ತೆರಡರಲ್ಲಿ ಪ್ರಯಾಣಿಕರೇ ಇಲ್ಲ, ಬರೀ ಸರಕು;
ಒಮ್ಮೆ ಕುದುರೆಗಳು ಹೋದವಂತೆ, ನಿಂತುಕೊಂಡೇ.

ಮೂರಂಕಿಯ ಬೆನ್ನಿಗೆ ಏಳಂಕಿ, ಕೊನೆಗೊಂದು ಒಂಟಿ ಅಂಕಿ.
ಆ ಏಳಂಕಿಯನ್ನು ಏಳರಿಂದ ಭಾಗಿಸಿ, ಉಳಿದದ್ದೇ ಅದು
ಎಂದು ಕಲಿಸಿದವ ಏಜೆಂಟರ ಕಡೆಯ ಹುಡುಗ ರಝಾಕ್, ಫೋನಿನಲ್ಲಿ.
ಅದಕ್ಕೇ ಕೊನೆಯದು ಏಳಾಗುವುದಿಲ್ಲ, ಎಂಟಾಗುವುದಿಲ್ಲ,
ಒಂಬತ್ತಂತೂ ಇಲ್ಲವೇ ಇಲ್ಲ ಅಕ್ಕಾ,
ಬಂದರೆ ಎಲ್ಲೋ ತಪ್ಪಿದೆ ಅಂತ ಲೆಕ್ಕ.
ಬಸ್ಸಿನಲ್ಲಿ ಮನೆಗೆ ಹೋಗುವಾಗ ಈಗಲೂ
ಎದುರಿನ ಲಾರಿಗಳ ನಂಬರನ್ನು ಏಳರಿಂದ ಭಾಗಿಸುತ್ತೇನೆ.

ಫೆಬ್ರವರಿಯಲ್ಲಿ ಒಂದು ಪೊಟ್ಟಣ ತಪ್ಪಿಸಿಕೊಂಡಿತು.
ಸೊನ್ನೆ ಎಪ್ಪತ್ತೊಂದು. ಬೆಂಗಳೂರು, ಅಡಿಸ್ ಅಬಾಬ, ಲಿಯೇಜ್,
ಅಲ್ಲಿಂದ ಲಾರಿಯಲ್ಲಿ ಆಂಟ್ವರ್ಪಿನ ಸಾಹುಕಾರನ ಮೇಜಿಗೆ.
ಎರಡನೆಯ ಊರಲ್ಲಿ ಇಳಿಸಿಬಿಟ್ಟರು.
ಪ್ರೇಮಿಗಳ ದಿನಕ್ಕೆ ಗುಲಾಬಿ ತುರ್ತು,
ಹಲಗೆಗೆ ಹಲಗೆ, ತಂಪು ಕಾಪಾಡಿಕೊಂಡು ಏರಬೇಕು.
ಹೂವಿಗೆ ಜಾಗ ಬಿಟ್ಟು ಬೀಜ ಗೋದಾಮಿನಲ್ಲಿ ಕೂತಿತು
ಹನ್ನೊಂದು ದಿನ.

ಕಂಪ್ಯೂಟರಿನಲ್ಲಿ ದಿನಾ ಅದೇ ಸಾಲು:
ಬಂದಿದೆ, ಅಡಿಸ್ ಅಬಾಬ.
ಬಂದಿದೆ.
ಬಂದಿದೆ.
ಆಂಟ್ವರ್ಪಿನವ ಬೇರೆಯವರಲ್ಲಿ ಕೊಂಡ. ಹದಿನೆಂಟು ಟನ್ನು.
ಮಾಚಯ್ಯ ಬೈದದ್ದು ಕೊಡವ ತಕ್ಕಿನಲ್ಲಿ,
ಗುಲಾಬಿಗೂ ರಝಾಕನಿಗೂ ನನಗೂ ಸಮಪಾಲು.

ಕರಿಕಾಳು ಆರಿಸುವ ಚೋಮಿಗೆ ನಕ್ಷೆ ತೋರಿಸಿದೆ.
ಕಾಫಿ ತಾನಾಗಿ ಕಾಡಲ್ಲಿ ಹುಟ್ಟಿದ್ದು ಈ ದೇಶದಲ್ಲೇ ಕಣೇ,
ಆಮೇಲೆ ಬಿಲ್ಲೂ ಇಲ್ಲದೆ, ಮೊಹರೂ ಇಲ್ಲದೆ
ಯಾರದೋ ಸೊಂಟದ ಗಂಟಿನಲ್ಲಿ ಕಡಲು ದಾಟಿತಂತೆ,
ಏಳೇ ಬೀಜ.
(ಏಳನ್ನು ಏಳರಿಂದ ಭಾಗಿಸಿದರೆ ಶೇಷ ಸೊನ್ನೆ.
ಮತ್ತೆ ಈ ಕಣದ ತುಂಬ ಉಳಿದಿರುವುದೇನು?
ರಝಾಕನನ್ನು ಕೇಳಬೇಕು.)
ಚೋಮಿಯ ಬೆರಳು ನಿಲ್ಲಲಿಲ್ಲ.
“ಹಂಗಾದ್ರೆ ತವರಿಗೆ ಹೋಗಿದೆ ಬಿಡಿ.
ಅಲ್ಲಿ ಯಾರಾದ್ರೂ ಗುರ್ತು ಹಿಡಿದ್ರಾ?
ಹನ್ನೊಂದು ದಿನ ಏನೂ ಹೆಚ್ಚಲ್ಲ.”

ಏಪ್ರಿಲಿನಲ್ಲಿ ಪೊಟ್ಟಣ ವಾಪಸು ಬಂತು,
ನನಗೆ ಓದಲು ಬಾರದ ಲಿಪಿಯ ಮೊಹರು ಹೊತ್ತು.
ಮಾಚಯ್ಯ ಹುರಿದರು, ಪುಡಿ ಮಾಡಿದರು,
ಬಿಸಿನೀರು ಸುರಿದು, ನೊರೆ ಮುರಿದು ಮೂಗಿಟ್ಟರು.
ಹೀರಿದರು. ಉಗುಳಲು ಸ್ವಲ್ಪ ತಡಮಾಡಿದರು.
“ಹಳತಾಗಿದೆ. ಗೋಣಿ ವಾಸನೆ,” ಎಂದು ಬರೆಸಿದರು.
ಆಮೇಲೆ, ನಾನು ಪೆನ್ನು ಮುಚ್ಚಿದ ಮೇಲೆ:
“ಕೊನೆಯಲ್ಲಿ ಏನೋ ಹೂವಿನ ಹಾಗೆ.
ಅದನ್ನು ಬರೀಬೇಡ.”

ಬರೆಯಲಿಲ್ಲ. ಉಳಿದ ಇನ್ನೂರು ಗ್ರಾಂ ಡ್ರಾಯರಿನಲ್ಲಿದೆ.
ಸಂಜೆ ಪಶ್ಚಿಮಕ್ಕೆ ಒಂದು ಗೆರೆ ಎಳೆಯುತ್ತಿತ್ತು.
ಸೆರಗಿನಿಂದ ಹೊಟ್ಟು ಕೊಡವುತ್ತ ಚೋಮಿ ಕೇಳಿದಳು,
“ಅದು ಎಷ್ಟನೇ ನಂಬರು?”
ಗೊತ್ತಿಲ್ಲ ಅಂದೆ.
ಇಲ್ಲಿಂದ ಬಿಲ್ಲು ಕಾಣುವುದಿಲ್ಲ.